ಛಾವಣಿಯಲ್ಲಿ ಕಾವಲು ನಿಂತ ನೀರು

ಮಂಗಳೂರೆಂದರೆ ಹಂಚಿನ ಊರು ಎಂಬ ಮಾತು ಒಂದು ಕಾಲಕ್ಕೆ ಅಕ್ಷರಶಃ ನಿಜವಾಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ತರುವಾಯ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಿಂದೆ ಸರಿದು, ಕೆಂಪು ಹಂಚಿನ ಮಾಡುಗಳು ಊರನ್ನೆಲ್ಲ ಆವರಿಸಿದವು. ಒಂದು ಕಿಡಿಗೆ ಉರಿದುಹೋಗುವ ಹುಲ್ಲಿನ ಬದಲು ಬೆಂಕಿಯಲ್ಲಿಯೇ ಬೆಂದು ಗಟ್ಟಿಯಾದ ಹಂಚು ಬಂದಿತು. ಆ ಮನೆಗಳಿಗೆ ಸುತ್ತಲೂ ಅಂಗಳ, ಹಿತ್ತಿಲಲ್ಲಿ ಬಾವಿ. ಬೆಂಕಿ ಬಿದ್ದರೆ ಹೊರಗೋಡಲು ನಾಲ್ಕು ಹೆಜ್ಜೆ. ಆರಿಸಲು ಕೊಡಪಾನದ ನೀರು.

ಇಂದು ಕದ್ರಿ, ಬಿಜೈ, ಫಳ್ನೀರು, ಮಣ್ಣಗುಡ್ಡೆಗಳಲ್ಲಿ ಅಂತಹ ಹಿತ್ತಿಲುಗಳ ಮೇಲೆಯೇ ಬಹುಮಹಡಿಯ ವಸತಿ ಸಮುಚ್ಚಯಗಳು ಎದ್ದು ನಿಂತಿವೆ. ಹದಿನೈದನೆಯ ಮಹಡಿಯಲ್ಲಿ ವಾಸಿಸುವವನಿಗೆ ಅಂಗಳವೂ ಇಲ್ಲ, ಬಾವಿಯೂ ಇಲ್ಲ. ಪಾಂಡೇಶ್ವರದಿಂದಲೋ ಕದ್ರಿಯಿಂದಲೋ ಅಗ್ನಿಶಾಮಕ ವಾಹನವು ವಾಹನಸಂದಣಿಯನ್ನು ಸೀಳಿಕೊಂಡು ಬಂದು ನಿಂತರೂ ಬೆಂಕಿಯಿರುವುದು ನೆಲದಿಂದ 45 ಮೀಟರ್ ಮೇಲೆ. ಆದುದರಿಂದಲೇ, 15 ಮೀಟರ್ ಅಥವಾ ಅದಕ್ಕಿಂತ ಎತ್ತರವಾದ ಕಟ್ಟಡಗಳನ್ನು ಪ್ರತ್ಯೇಕ ವರ್ಗವಾಗಿ ಎಣಿಸುವ 2016ರ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು, ಎತ್ತರ ಹೆಚ್ಚಿದಂತೆ ಅಗ್ನಿರಕ್ಷಣೆಯ ನಿಯಮಗಳನ್ನೂ ಬಿಗಿಗೊಳಿಸುತ್ತದೆ. ಹೊಸ ಎತ್ತರದ ಕಟ್ಟಡಗಳ ಮನೆಗಳಲ್ಲಿ ಛಾವಣಿಯಿಂದ ಹೆಬ್ಬೆರಳಿನಷ್ಟು ಗಾತ್ರದ ಲೋಹದ ಮೂತಿಗಳು ಅಲ್ಲಲ್ಲಿ ಇಣುಕುತ್ತಿರುವುದನ್ನು ವಾಚಕರು ಗಮನಿಸಿರಬಹುದು. ಅವೇ ಸ್ಪ್ರಿಂಕ್ಲರುಗಳು, ಬೆಂಕಿಯ ಶಾಖವನ್ನು ತಾವೇ ಅರಿತು ನೀರು ಚಿಮುಕಿಸುವ ಸಾಧನಗಳು.

ಇವುಗಳ ವಿಷಯದಲ್ಲಿ ಮನೆಯವರಿಗೆ ಭರವಸೆಗಿಂತ ಭಯವೇ ಹೆಚ್ಚು. ಒಗ್ಗರಣೆಯ ಹೊಗೆಗೆ ಇವು ಸುರಿದುಬಿಟ್ಟರೆ ಗತಿಯೇನು? ಒಂದು ತೆರೆದರೆ ಎಲ್ಲವೂ ತೆರೆಯುವುವೇ? ನಮ್ಮ ಮನೆಯ ನೀರು ಕೆಳಗಿನ ಮನೆಯವರ ಛಾವಣಿಯಿಂದ ತೊಟ್ಟಿಕ್ಕಿದರೆ ಅವರಿಗೆ ಏನು ಹೇಳುವುದು? ಈ ಭಯ ಬಲಿತಾಗ ಹೊಳೆಯುವ ಉಪಾಯ ಒಂದೇ: ಕವಾಟವನ್ನು ಮುಚ್ಚಿ ನಿಶ್ಚಿಂತರಾಗುವುದು. ಈ ನಿಶ್ಚಿಂತೆ ಎಷ್ಟು ಅಪಾಯಕಾರಿ, ನೀರಿನ ಹಾನಿಯನ್ನು ತಪ್ಪಿಸುವ ನಿಜವಾದ ದಾರಿ ಯಾವುದು ಎಂಬುದನ್ನು ಪರ್ಯಾಲೋಚಿಸೋಣ.

ಹುಟ್ಟಿದ ಬಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಈಶಾನ್ಯ ಭಾಗದ ಬಟ್ಟೆಗಿರಣಿಗಳಲ್ಲಿ ಬೆಂಕಿಯ ಹಾವಳಿ ವಿಪರೀತವಾಗಿತ್ತು. ಛಾವಣಿಯುದ್ದಕ್ಕೂ ತೂತು ಕೊರೆದ ಕೊಳವೆಗಳನ್ನು ಹಾಸಿ, ಬೆಂಕಿ ಕಂಡೊಡನೆ ಕವಾಟವನ್ನು ತಿರುಗಿಸಿ ನೀರು ಬಿಡುವುದು ಆಗಿನ ಪದ್ಧತಿ. ಇದರಲ್ಲಿ ಎರಡು ಕೊರತೆಗಳಿದ್ದವು. ಕವಾಟವನ್ನು ತಿರುಗಿಸಲು ಮನುಷ್ಯನೊಬ್ಬ ಬೇಕು. ತಿರುಗಿಸಿದೊಡನೆ ಉರಿಯುತ್ತಿರುವ ಮೂಲೆಯ ಜೊತೆಗೆ ಇಡೀ ಗಿರಣಿಯೂ ತೊಯ್ದು ಹೋಗುತ್ತದೆ.

1874ರಲ್ಲಿ ನ್ಯೂ ಹೇವನ್ ನಗರದ ಹೆನ್ರಿ ಪಾರ್ಮಲೀ ಎಂಬಾತನು ತನ್ನ ಪಿಯಾನೋ ಕಾರ್ಖಾನೆಯ ರಕ್ಷಣೆಗಾಗಿ ಶಾಖದಿಂದ ತಾನಾಗಿಯೇ ತೆರೆದುಕೊಳ್ಳುವ ಮೂತಿಯನ್ನು ರಚಿಸಿದನು. ಕೆಲವೇ ವರ್ಷಗಳಲ್ಲಿ ಫ್ರೆಡರಿಕ್ ಗ್ರಿನೆಲ್ ಎಂಬ ಯಂತ್ರಶಿಲ್ಪಿ ಅದನ್ನು ಬಹುವಾಗಿ ಸುಧಾರಿಸಿದನು. ಪಿಯಾನೋ ಎಂಬುದು ಬೆಂಕಿಗೆ ಹೇಗೋ ನೀರಿಗೂ ಹಾಗೆಯೇ ಹೆದರುವ ವಸ್ತು. ಸ್ಪ್ರಿಂಕ್ಲರಿನ ಹಿರಿಮೆಯಿರುವುದು ನೀರನ್ನು ಧಾರಾಳವಾಗಿ ಸುರಿಸುವುದರಲ್ಲಿ ಅಲ್ಲ; ಬೇಕಾದ ಜಾಗದಲ್ಲಿ, ಬೇಕಾದ ವೇಳೆಯಲ್ಲಿ, ಬೇಕಾದಷ್ಟನ್ನು ಮಾತ್ರ ಸುರಿಸುವುದರಲ್ಲಿ.

ಗಾಜಿನ ಬುರುಡೆಯ ಗುಟ್ಟು

ಮೊದಲಿನ ಮೂತಿಗಳನ್ನು ಮುಚ್ಚಿ ಹಿಡಿಯುತ್ತಿದ್ದುದು ಬೇಗ ಕರಗುವ ಮಿಶ್ರಲೋಹ. ತವರವು 232, ಬಿಸ್ಮತ್ 271, ಕ್ಯಾಡ್ಮಿಯಂ 321, ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತವೆ. ಆದರೆ ಈ ನಾಲ್ಕನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ದೊರೆಯುವ 'ವುಡ್ ಲೋಹ'ವು ಸುಮಾರು 70 ಡಿಗ್ರಿಯಲ್ಲಿಯೇ, ಅಂದರೆ ಕುದಿಯುವ ನೀರಿಗಿಂತ ಎಷ್ಟೋ ಕಡಿಮೆ ಉಷ್ಣತೆಯಲ್ಲಿ, ಕರಗಿ ನೀರಾಗುತ್ತದೆ!

ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಪುಟ್ಟ ಗಾಜಿನ ಬುರುಡೆ. ಅದರೊಳಗೆ ಬಣ್ಣದ ದ್ರವ. ದ್ರವದಲ್ಲಿ ಒಂದು ಸಣ್ಣ ಗಾಳಿಗುಳ್ಳೆ. ಬುರುಡೆಯು ಊರುಗೋಲಿನಂತೆ ನಿಂತು, ನೀರಿನ ದಾರಿಯನ್ನು ಮುಚ್ಚಿರುವ ಬಿರಡೆಯನ್ನು ಅದುಮಿ ಹಿಡಿದಿರುತ್ತದೆ. ಶಾಖ ತಗಲಿದಾಗ ದ್ರವವು ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದಂತೆ ಗುಳ್ಳೆಯು ಕುಗ್ಗುತ್ತ ಬಂದು ಕೊನೆಗೆ ಇಲ್ಲವಾಗುತ್ತದೆ. ಅಲ್ಲಿಂದ ಮುಂದೆ ದ್ರವಕ್ಕೆ ಹಿಗ್ಗಲು ಸ್ಥಳವಿಲ್ಲ. ದ್ರವಗಳನ್ನು ಅದುಮಿ ಕಿರಿದಾಗಿಸುವುದೂ ಸುಲಭವಲ್ಲ. ಆದುದರಿಂದ ಉಷ್ಣತೆ ಇನ್ನು ಸ್ವಲ್ಪವೇ ಏರಿದರೂ ಒತ್ತಡವು ಥಟ್ಟನೆ ಏರಿ ಗಾಜು ಸಿಡಿಯುತ್ತದೆ. ಊರುಗೋಲು ಮುರಿದೊಡನೆ ಬಿರಡೆ ಕಳಚುತ್ತದೆ. ನೀರು ಹೊರಚಿಮ್ಮಿ, ಕೆಳಗಿರುವ ಹಲ್ಲುಳ್ಳ ಬಿಲ್ಲೆಗೆ ಬಡಿದು ಕೊಡೆಯಾಕಾರದಲ್ಲಿ ಹರಡುತ್ತದೆ.

ಬುರುಡೆ ಒಡೆಯುವ ಉಷ್ಣತೆಯನ್ನು ದ್ರವದ ಬಣ್ಣವೇ ಹೇಳುತ್ತದೆ: ಕಿತ್ತಳೆ 57 ಡಿಗ್ರಿ, ಕೆಂಪು 68, ಹಳದಿ 79, ಹಸುರು 93, ನೀಲಿ 141. ಆ ಜಾಗದಲ್ಲಿ ಸಹಜವಾಗಿ ಉಂಟಾಗಬಹುದಾದ ಅತ್ಯಧಿಕ ಉಷ್ಣತೆಗಿಂತ ಸುಮಾರು 30 ಡಿಗ್ರಿ ಹೆಚ್ಚಿನ ಬುರುಡೆಯನ್ನು ಆರಿಸುವುದು ರೂಢಿ. ಮಂಗಳೂರಿನ ಕಡುಬೇಸಗೆಯ ದಿನ ಹೊರಗಿನ ಗಾಳಿ 36-37 ಡಿಗ್ರಿಗೆ ಏರಿದರೂ ಕೋಣೆಯ 68 ಡಿಗ್ರಿಯ ಕೆಂಪು ಬುರುಡೆಗೆ ಆತಂಕವಿಲ್ಲ. ಅಡುಗೆಯ ಒಲೆಯ ಬಳಿಯಲ್ಲಿ ಹಳದಿ ಅಥವಾ ಹಸುರು ಬುರುಡೆಗಳನ್ನು ಕೂಡಿಸುವುದುಂಟು.

ಬುರುಡೆಯ ದಪ್ಪಕ್ಕೂ ಅರ್ಥವಿದೆ. ಹಳೆಯ ಮಾದರಿಯವು 5 ಮಿಲಿಮೀಟರ್ ದಪ್ಪ. ವಾಸದ ಮನೆಗಳಲ್ಲಿ ಬಳಸುವ ಶೀಘ್ರಕಾರಿ ಮೂತಿಗಳವು ಸುಮಾರು 3 ಮಿಲಿಮೀಟರ್. ಕಡ್ಡಿಯಂತಹ ವಸ್ತುವಿನ ಮೇಲ್ಮೈ ಅದರ ವ್ಯಾಸಕ್ಕೆ ಅನುಗುಣವಾಗಿಯೂ, ಒಳಗಿನ ದ್ರವದ ಮೊತ್ತ ವ್ಯಾಸದ ವರ್ಗಕ್ಕೆ ಅನುಗುಣವಾಗಿಯೂ ಬದಲಾಗುತ್ತದೆ. ಶಾಖವು ಒಳನುಗ್ಗುವುದು ಮೇಲ್ಮೈಯಿಂದ, ಅದು ಬಿಸಿಮಾಡಬೇಕಾದುದು ಒಳಗಿನ ಮೊತ್ತವನ್ನು. ಆದುದರಿಂದಲೇ ತೆಳ್ಳನೆಯ ಬುರುಡೆ ಬೇಗ ಎಚ್ಚರಗೊಳ್ಳುತ್ತದೆ.

ಎಲ್ಲವೂ ಒಟ್ಟಿಗೆ ಸುರಿಯುವುದೆ?

ಚಲನಚಿತ್ರಗಳಲ್ಲಿ ನಾಯಕನು ಬೆಂಕಿಕಡ್ಡಿ ಗೀರಿದೊಡನೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದನ್ನು ನಾವು ನೋಡಿದ್ದೇವೆ. ಅದು ಕೇವಲ ಕಲ್ಪನೆ. ಪ್ರತಿಯೊಂದು ಮೂತಿಗೂ ಅದರದೇ ಬುರುಡೆ. ತನ್ನ ಬುರುಡೆ ಒಡೆಯದೆ ಯಾವ ಮೂತಿಯೂ ತೆರೆಯದು. ಹೊಗೆಯನ್ನು ಅದು ಅರಿಯಲಾರದು, ಶಾಖವನ್ನು ಮಾತ್ರ ಅರಿಯಬಲ್ಲದು. ದೋಸೆ ಕರಿಕಾದ ಹೊಗೆಯಾಗಲಿ ಊದುಬತ್ತಿಯ ಹೊಗೆಯಾಗಲಿ ಅದನ್ನು ಕದಲಿಸದು. ಹೊಗೆಗೆ ಕೂಗಿಕೊಳ್ಳುವ ಎಚ್ಚರಿಕೆಯ ಗಂಟೆ ಬೇರೆ, ನೀರಿನ ಈ ಮೂತಿ ಬೇರೆ.

ಬೆಂಕಿ ಹೊತ್ತಿದಾಗ ಬಿಸಿಯಾದ ಅನಿಲಗಳು ಹಗುರಾಗಿ ಮೇಲಕ್ಕೇರಿ, ಛಾವಣಿಗೆ ತಾಗಿ, ಅದರ ಕೆಳಗೆ ತೆಳ್ಳಗೆ ಹರಡುತ್ತವೆ. ಆ ಪದರದಲ್ಲಿ ನೆತ್ತಿಯ ನೇರಕ್ಕಿರುವ ಮೂತಿಯೇ ಮೊದಲು ಕಾಯುವುದು. ನಮ್ಮ ಹಳೆಯ ಹಂಚಿನ ಮಾಡಿನಲ್ಲಿ ಈ ಬಿಸಿಗಾಳಿಯು ಹಂಚಿನ ಸಂದುಗಳಿಂದ ಹೊರಹೋಗುತ್ತಿತ್ತು; ಕಾಂಕ್ರೀಟಿನ ಸಮತಟ್ಟಾದ ಛಾವಣಿ ಅದನ್ನು ಹಿಡಿದಿಡುತ್ತದೆ. ಕಾಂಕ್ರೀಟಿನ ಮನೆಯಲ್ಲಿ ಬೆಂಕಿ ಹೆಚ್ಚು ಅಪಾಯಕಾರಿಯಾಗಲು ಯಾವುದು ಕಾರಣವೋ, ಸ್ಪ್ರಿಂಕ್ಲರು ಬೇಗ ಕೆಲಸಮಾಡಲು ಕೂಡ ಅದೇ ಕಾರಣ. ವಾಸದ ಮನೆಯ ಬೆಂಕಿಗಳಲ್ಲಿ ಹೆಚ್ಚಿನವು ಒಂದೆರಡು ಮೂತಿಗಳಿಂದಲೇ ಹತೋಟಿಗೆ ಬರುತ್ತವೆ.

ಬಲಿತ ಬೆಂಕಿಗೂ ಈ ಮಾತು ಅನ್ವಯಿಸುವುದುಂಟು. 1991ರ ಫೆಬ್ರವರಿ 23ರಂದು ಫಿಲಡೆಲ್ಫಿಯ ನಗರದ 'ಒನ್ ಮೆರಿಡಿಯನ್ ಪ್ಲಾಜಾ' ಎಂಬ ಕಚೇರಿ ಕಟ್ಟಡದ 22ನೆಯ ಮಹಡಿಯಲ್ಲಿ ಬೆಂಕಿ ಹತ್ತಿತು. ಮೂವರು ಅಗ್ನಿಶಾಮಕರನ್ನು ಬಲಿತೆಗೆದುಕೊಂಡು, ಮಹಡಿಯಿಂದ ಮಹಡಿಗೆ ಏರುತ್ತ ಹೋದ ಆ ಬೆಂಕಿ 30ನೆಯ ಮಹಡಿಯಲ್ಲಿ ನಿಂತಿತು. ಆ ಮಹಡಿಯಲ್ಲಿ ಸ್ಪ್ರಿಂಕ್ಲರುಗಳಿದ್ದವು. ತೆರೆದ ಮೂತಿಗಳು ಹತ್ತು ಮಾತ್ರ.

ನೀರಿನ ಲೆಕ್ಕ

ಒಂದು ಮೂತಿಯಿಂದ ಎಷ್ಟು ನೀರು ಬರುತ್ತದೆ? ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಸಾಮಾನ್ಯ ಅಳತೆಯ ಮೂತಿಯೊಂದರಿಂದ 1 ಬಾರ್ ಒತ್ತಡದಲ್ಲಿ, ಎಂದರೆ ಸುಮಾರು 10 ಮೀಟರ್ ಎತ್ತರದ ನೀರಿನ ಕಂಬದ ಒತ್ತಡದಲ್ಲಿ, ನಿಮಿಷಕ್ಕೆ 80 ಲೀಟರ್ ನೀರು ಬರುತ್ತದೆ. ಮನೆಯ ನಲ್ಲಿಯು 20 ಲೀಟರಿನ ಬಕೇಟನ್ನು ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು ಗಡಿಯಾರ ಹಿಡಿದು ನೋಡಿರಿ. ಈ ಮೂತಿಗೆ ಬೇಕಾದುದು ಕೇವಲ 15 ಸೆಕೆಂಡು.

ಈ ನೀರು ಬೆಂಕಿಯನ್ನು ಹೇಗೆ ಅಡಗಿಸುತ್ತದೆ? 30 ಡಿಗ್ರಿಯಲ್ಲಿರುವ ಒಂದು ಗ್ರಾಂ ನೀರನ್ನು ಕುದಿಯುವ ಬಿಂದುವಿಗೆ ತರಲು 70 ಕ್ಯಾಲರಿ ಶಾಖ ಬೇಕು. ಅಲ್ಲಿಂದ ಅದನ್ನು ಆವಿಯಾಗಿಸಲು ಬೇಕಾದ ಗುಪ್ತೋಷ್ಣ 540 ಕ್ಯಾಲರಿ. ಹೀಗೆ ಒಂದೊಂದು ಗ್ರಾಮೂ 610 ಕ್ಯಾಲರಿ ಶಾಖವನ್ನು ಬೆಂಕಿಯಿಂದ ಕಸಿಯಬಲ್ಲದು. ನಿಮಿಷಕ್ಕೆ 80 ಲೀಟರ್ ನೀರು ಪೂರ್ತಿ ಆವಿಯಾದರೆ ಅದು ಹೀರುವ ಶಾಖ ಸುಮಾರು 3,400 ಕಿಲೋವ್ಯಾಟ್. ಪೂರ್ತಿ ಆವಿಯಾಗುವುದಿಲ್ಲವೆನ್ನೋಣ, ಮೂರನೆಯ ಒಂದಂಶವೇ ಆದರೂ 1,100 ಕಿಲೋವ್ಯಾಟಿಗೆ ಕಡಿಮೆಯಿಲ್ಲ. ಉಳಿದ ನೀರು ಸುತ್ತಲಿನ ಪರದೆ, ಹಾಸಿಗೆ, ಮೇಜುಗಳನ್ನು ತೋಯಿಸಿ, ಅವು ಹೊತ್ತದಂತೆ ತಡೆಯುತ್ತದೆ.

ಬೆಂಕಿಯ ಬೆಳವಣಿಗೆಯನ್ನೂ ನೋಡಬೇಕು. ತಜ್ಞರು 'ವೇಗದ ಬೆಂಕಿ' ಎಂದು ಕರೆಯುವುದು ಹೊತ್ತಿದ 150 ಸೆಕೆಂಡುಗಳಲ್ಲಿ ಸುಮಾರು 1,000 ಕಿಲೋವ್ಯಾಟಿಗೆ ಬೆಳೆಯುತ್ತದೆ. ಈ ಬೆಳವಣಿಗೆಯು ಕಾಲದ ವರ್ಗಕ್ಕೆ ಅನುಗುಣವಾದುದು. 300 ಸೆಕೆಂಡುಗಳಾದಾಗ ಅದು ನಾಲ್ಕು ಪಾಲಾಗಿ 4,000 ಕಿಲೋವ್ಯಾಟ್ ಆಗುತ್ತದೆ. ಮೊದಲ ಎರಡು ಮೂರು ನಿಮಿಷಗಳಲ್ಲಿ 80 ಲೀಟರಿನ ಹರಿವು ಸಾಕಾಗುವ ಬೆಂಕಿಗೆ, ಐದಾರು ನಿಮಿಷ ಕಳೆದ ಮೇಲೆ ಅಗ್ನಿಶಾಮಕರ ದೊಡ್ಡ ಕೊಳವೆಗಳೇ ಬೇಕು. ಅಂತಹ ಒಂದೊಂದು ಕೊಳವೆಯಿಂದ ಬೀಳುವ ನೀರು ನಿಮಿಷಕ್ಕೆ 400 ಲೀಟರಿಗೂ ಮಿಕ್ಕಿರಬಹುದು. ನೀರಿನ ಹಾನಿಗೆ ಹೆದರುವವನು ಈ ಲೆಕ್ಕವನ್ನು ನೆನಪಿಡಬೇಕು: ಬೆಂಕಿಬಿದ್ದ ಮನೆಯಲ್ಲಿ ಸ್ಪ್ರಿಂಕ್ಲರು ಇಲ್ಲದಿದ್ದರೆ ಬೀಳುವ ನೀರು ಕಡಿಮೆಯಾಗುವುದಿಲ್ಲ, ಅದು ಹಲವು ಪಾಲು ಹೆಚ್ಚುತ್ತದೆ.

ಬೆಂಕಿಯಿಲ್ಲದೆ ನೀರು ಬಂದರೆ

ಇಷ್ಟಾದರೂ, ಬೆಂಕಿಯೇ ಇಲ್ಲದಾಗ ಮೂತಿ ತೆರೆದರೆ ಉಂಟಾಗುವ ನಷ್ಟ ನಿಜವಾದುದೇ. ಹತ್ತು ನಿಮಿಷ ಸುರಿದರೆ 800 ಲೀಟರ್. 4 ಮೀಟರ್ ಅಗಲ, 5 ಮೀಟರ್ ಉದ್ದದ ಹಜಾರದಲ್ಲಿ ಅದು 40 ಮಿಲಿಮೀಟರ್ ಎತ್ತರಕ್ಕೆ ನಿಲ್ಲಬೇಕು. ಆಟಿ ತಿಂಗಳ ಒಂದು ಒಳ್ಳೆಯ ಮಳೆಯನ್ನು ಮನೆಯೊಳಕ್ಕೆ ಕರೆದಂತಾಯಿತು! ಆದರೆ ನೀರು ಅಲ್ಲಿ ನಿಲ್ಲುವುದಿಲ್ಲ. ಹೊಸ್ತಿಲು ದಾಟಿ ಮೆಟ್ಟಿಲಿಗೆ, ಲಿಫ್ಟಿನ ಗುಂಡಿಗೆ, ಕೊಳವೆಗಳು ಹಾದುಹೋಗುವ ರಂಧ್ರಗಳಿಂದ ಕೆಳಗಿನ ಮನೆಗೆ ಇಳಿಯುತ್ತದೆ. ಬಹುಕಾಲ ಕೊಳವೆಯಲ್ಲಿ ನಿಂತ ಆ ನೀರು ಕಬ್ಬಿಣದ ಆಕ್ಸೈಡಿನಿಂದ ಕಪ್ಪಾಗಿರುವುದರಿಂದ ಬಟ್ಟೆಗೂ ಪುಸ್ತಕಕ್ಕೂ ಕಲೆ ಹಿಡಿಯುತ್ತದೆ.

ತಾನಾಗಿಯೇ ಮೂತಿ ಒಡೆಯುವುದು ಅತಿ ವಿರಳ. ಸಾಧಾರಣವಾಗಿ ಕಾರಣವಾಗಿರುವುದು ಮನುಷ್ಯನ ಕೈ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ದುಸ್ತರ. ಆಗ ಕೋಣೆಯೊಳಗೆ ಹಗ್ಗ ಕಟ್ಟಲು ಆಧಾರ ಹುಡುಕುವವನ ಕಣ್ಣಿಗೆ ಛಾವಣಿಯ ಮೂತಿಯೋ ಅದರ ಕೊಳವೆಯೋ ಬೀಳುತ್ತದೆ. ಇಲ್ಲಿ ಯಂತ್ರಶಾಸ್ತ್ರದ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಬಿಗಿಯಾಗಿ ಕಟ್ಟಿದ ಹಗ್ಗದ ನಡುವೆ 5 ಕಿಲೋಗ್ರಾಂ ತೂಕದ ಒದ್ದೆಬಟ್ಟೆಯನ್ನು ಹಾಕಿ, ಹಗ್ಗವು ಸಮತಲದಿಂದ 5 ಡಿಗ್ರಿ ಮಾತ್ರ ಬಾಗಿದೆಯೆಂದು ಭಾವಿಸಿರಿ. ಭಾರದ ಅರ್ಧವನ್ನು 5 ಡಿಗ್ರಿಯ ಸೈನಿನಿಂದ ಭಾಗಿಸಿದರೆ ಪ್ರತಿ ತುದಿಯ ಮೇಲಿನ ಎಳೆತ ಸಿಗುತ್ತದೆ. ಅದು ಸುಮಾರು 29 ಕಿಲೋಗ್ರಾಂ ತೂಕದಷ್ಟು! ಹಗ್ಗ ಬಿಗಿಯಾದಷ್ಟೂ ಎಳೆತ ಹೆಚ್ಚು. ಊರುಗೋಲಿನಂತೆ ಉದ್ದಕ್ಕೆ ಒತ್ತುವ ಬಲವನ್ನು ತಾಳಬಲ್ಲ ಗಾಜು ಅಡ್ಡಡ್ಡ ಬಂದ ಬಲವನ್ನು ತಾಳಲಾರದು.

ಎರಡನೆಯ ಕಾರಣ ಗೃಹಪ್ರವೇಶದ ಹೋಮ. ಹಜಾರದ ನಡುವೆ ಹೋಮಕುಂಡವನ್ನಿಟ್ಟು ತುಪ್ಪ ಸುರಿದಾಗ ಜ್ವಾಲೆ ಏಳುತ್ತದೆ. ಮೂರು ಮೀಟರ್ ಕೂಡ ಎತ್ತರವಿಲ್ಲದ ಛಾವಣಿಯಲ್ಲಿ ನೇರ ಮೇಲಿರುವ ಮೂತಿಗೆ ಅದು ಬೆಂಕಿಯಲ್ಲದೆ ಬೇರೆಯಲ್ಲ. ಮಂತ್ರಾಗ್ನಿಗೂ ಅಪಾಯದ ಅಗ್ನಿಗೂ ವ್ಯತ್ಯಾಸ ತಿಳಿಯದ ಬುರುಡೆ 68 ಡಿಗ್ರಿ ತಲಪಿದರೆ ಒಡೆದೇ ತೀರುತ್ತದೆ. ಹೋಮಕುಂಡವನ್ನು ಮೂತಿಗಳಿಂದ ದೂರ, ಗಾಳಿಯಾಡುವ ಮೊಗಸಾಲೆಯ ಕಡೆಗಿಡುವುದು, ಉರಿಯನ್ನು ಚಿಕ್ಕದಾಗಿರಿಸುವುದು, ದೊಡ್ಡ ಹೋಮವಾದರೆ ತಾರಸಿಯಲ್ಲಿ ನಡೆಸುವುದು ಒಳ್ಳೆಯದು. ಮೂತಿಗೆ ಬಟ್ಟೆಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಕಟ್ಟುವುದು ಸಲ್ಲದು. ಕಟ್ಟಿದುದನ್ನು ಬಿಚ್ಚಲು ಯಾರಿಗೂ ನೆನಪಿರುವುದಿಲ್ಲ.

ಮೂರನೆಯದು ಮನೆಯ ರಿಪೇರಿ. ಏಣಿಯ ತುದಿ, ಬಡಗಿಯ ಹಲಗೆ, ಕಪಾಟಿನ ಮೂಲೆ ತಗಲಿ ಬುರುಡೆ ಒಡೆಯುವುದುಂಟು. ಬಣ್ಣ ಬಳಿಯುವವರ ಕುಂಚದಿಂದ ಇದಕ್ಕೆ ವಿರುದ್ಧವಾದ ಕೇಡು ಉಂಟಾಗುತ್ತದೆ: ಬುರುಡೆಯ ಮೇಲೆ ಬಣ್ಣದ ಪದರ ಕೂತರೆ ಶಾಖ ಒಳಹೋಗಲು ತಡವಾಗಿ, ಮೂತಿ ತೆರೆಯಬೇಕಾದಾಗ ತೆರೆಯದು. ಬಣ್ಣ ಬಿದ್ದ ಮೂತಿಯನ್ನು ಉಜ್ಜಿ ತೊಳೆಯುವಂತಿಲ್ಲ, ಬದಲಿಸಲೇಬೇಕು. ಮೂತಿಯ ಅಡಿಗೆ ಸುಮಾರು ಅರ್ಧ ಮೀಟರ್ ತೆರವು ಇರಬೇಕು. ಕಪಾಟಿನ ತಲೆಯ ಮೇಲೆ ಛಾವಣಿಯವರೆಗೆ ಪೆಟ್ಟಿಗೆಗಳನ್ನು ಒಟ್ಟಿದರೆ ನೀರಿನ ಕೊಡೆ ಬಿಚ್ಚಿಕೊಳ್ಳುವುದಿಲ್ಲ.

ಕರಾವಳಿಯ ತೊಡಕುಗಳು

ಕಡಲ ತೀರದ ಊರಿಗೆ ಇನ್ನೊಂದು ಶತ್ರುವಿದೆ: ತುಕ್ಕು. ಉಪ್ಪಿನ ಕಣಗಳನ್ನು ಹೊತ್ತ ತೇವದ ಗಾಳಿಯು ವಾಹನ ನಿಲ್ಲಿಸುವ ತಳಮಹಡಿಯ ಮತ್ತು ತಾರಸಿಯ ಕೊಳವೆಗಳನ್ನು ಹೊರಗಿನಿಂದ ತಿನ್ನುತ್ತದೆ. ಕಾಲಕಾಲಕ್ಕೆ ಕೊಳವೆಗೆ ಬಣ್ಣ ಬಳಿಯುವುದು ಇದಕ್ಕೆ ಮದ್ದು. ಒಳಗಿನ ತುಕ್ಕಿನ ರೀತಿ ಬೇರೆ. ಹೊಸದಾಗಿ ತುಂಬಿದ ನೀರಿನಲ್ಲಿ ಕರಗಿದ ಆಮ್ಲಜನಕವಿರುತ್ತದೆ; ಅದು ಕಬ್ಬಿಣದೊಡನೆ ಕೂಡಿ ಮುಗಿದ ಮೇಲೆ ತುಕ್ಕಿನ ವೇಗ ತಗ್ಗುತ್ತದೆ. ಕೊಳವೆಯನ್ನು ಬರಿದುಮಾಡಿ ಮತ್ತೆ ತುಂಬಿದಾಗಲೆಲ್ಲ ಹೊಸ ಆಮ್ಲಜನಕ ಒಳಬಂದು ತುಕ್ಕು ಮತ್ತೆ ಆರಂಭವಾಗುತ್ತದೆ. ಹಳೆಯ ನೀರು ನಾರುತ್ತದೆಂದು ಪದೇ ಪದೇ ಬದಲಿಸುವುದು ಶುಚಿಯಾಗಿ ಕಂಡರೂ ಕೊಳವೆಗೆ ಹಿತವಲ್ಲ. ಸಂದುಗಳಲ್ಲಿ ತುಕ್ಕಿನ ಗೆರೆ, ಹಸಿರು ಕಿಲುಬು, ಸೂಜಿಮೊನೆಯಷ್ಟು ಒಸರು ಕಂಡರೆ ಅಲಕ್ಷಿಸದೆ ತಿಳಿಸಬೇಕು. ಇಂದು ತೊಟ್ಟಿಕ್ಕುವುದು ನಾಳೆ ಚಿಮ್ಮೀತು.

ಬೇಸಗೆಯಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರಿನ ಮಟ್ಟ ಇಳಿದಾಗ ನಗರಕ್ಕೆ ನೀರಿನ ಅಭಾವ ತಟ್ಟುತ್ತದೆ. ಆಗ ಅಗ್ನಿರಕ್ಷಣೆಗೆಂದು ಮೀಸಲಿಟ್ಟ ತೊಟ್ಟಿಯ ನೀರನ್ನು ಮನೆಬಳಕೆಗೆ ತಿರುಗಿಸುವ ಆಸೆ ಸಹಜ. ಬೇಸಗೆಯೇ ಬೆಂಕಿಯ ಕಾಲವೂ ಹೌದೆಂಬುದನ್ನು ನಿವಾಸಿಗಳ ಸಂಘದವರು ಮರೆಯಬಾರದು.

ಎತ್ತರವೂ ಒಂದು ತೊಡಕು. 20 ಮಹಡಿಯ ಕಟ್ಟಡದ ಎತ್ತರ ಸುಮಾರು 60 ಮೀಟರ್. ತುದಿಗಿಂತ ಬುಡದಲ್ಲಿ ನೀರಿನ ಒತ್ತಡ ಸುಮಾರು 6 ಬಾರ್ ಅಧಿಕ. ತುದಿಯ ಮೂತಿಗೆ 1 ಬಾರ್ ಒತ್ತಡ ದೊರೆಯುವಂತೆ ಪಂಪನ್ನು ಹೊಂದಿಸಿದರೆ ಬುಡದ ಮೂತಿಗೆ 7 ಬಾರ್. ಏಳರ ವರ್ಗಮೂಲ 2.65 ಆದುದರಿಂದ ಅಲ್ಲಿ ನಿಮಿಷಕ್ಕೆ ಸುಮಾರು 210 ಲೀಟರ್ ಸುರಿಯಬೇಕಾಗುತ್ತದೆ. ಇದನ್ನು ತಡೆಯಲು ಒತ್ತಡವನ್ನು ತಗ್ಗಿಸುವ ಕವಾಟಗಳನ್ನು ಅಳವಡಿಸುತ್ತಾರೆ. ಅವು ಸರಿಯಾಗಿವೆಯೇ ಎಂದು ವಿಚಾರಿಸಲು ಕೆಳಮಹಡಿಯವರಿಗೆ ಹೆಚ್ಚಿನ ಕಾರಣವಿದೆ.

ಕವಾಟವೆಲ್ಲಿದೆ?

ಏಳನೆಯ ಮಹಡಿಯಲ್ಲಿ ಮಕ್ಕಳ ಚೆಂಡು ತಗಲಿ ಮೂತಿಯೊಂದು ಒಡೆಯಿತೆನ್ನೋಣ. ಆ ಮಹಡಿಯ ಕವಾಟ ಎಲ್ಲಿದೆಯೆಂದು ಬಲ್ಲವರು ಎರಡು ನಿಮಿಷದಲ್ಲಿ ಅದನ್ನು ಮುಚ್ಚಿದರೆ ಬಿದ್ದ ನೀರು 160 ಲೀಟರ್: ಎಂಟು ಬಕೇಟು. ಯಾರಿಗೂ ತಿಳಿಯದೆ, ಕಾವಲುಗಾರನು ಬೀಗದ ಕೈ ಹುಡುಕುತ್ತ ಇಪ್ಪತ್ತು ನಿಮಿಷ ಕಳೆದರೆ 1,600 ಲೀಟರ್: ಎಂಬತ್ತು ಬಕೇಟು. ಮೂತಿ ಅದೇ, ಒತ್ತಡ ಅದೇ; ಹಾನಿ ಮಾತ್ರ ಹತ್ತುಪಾಲು. ನೀರಿನ ಹಾನಿಯ ಪ್ರಶ್ನೆಯು ಬಹುಮಟ್ಟಿಗೆ ಕಾಲದ ಪ್ರಶ್ನೆ.

ಪಂಪನ್ನು ನಿಲ್ಲಿಸಿದರೆ ಸಾಕೆಂದು ತಿಳಿಯುವುದು ತಪ್ಪು. 150 ಮಿಲಿಮೀಟರ್ ವ್ಯಾಸದ ಏರುಕೊಳವೆಯ ಒಂದೊಂದು ಮೀಟರಿನಲ್ಲಿಯೂ ಸುಮಾರು 17.7 ಲೀಟರ್ ನೀರಿರುತ್ತದೆ. ಒಡೆದ ಮೂತಿಗಿಂತ ಮೇಲೆ 40 ಮೀಟರ್ ಕೊಳವೆಯಿದ್ದರೆ ಅಲ್ಲಿಯೇ ಸುಮಾರು 700 ಲೀಟರ್ ನೀರು ಕೆಳಗಿಳಿಯಲು ಕಾದಿರುತ್ತದೆ. ತಾರಸಿಯ ತೊಟ್ಟಿಯ ಸಂಬಂಧವಿದ್ದರೆ ಇನ್ನೂ ಹೆಚ್ಚು. ಮುಚ್ಚಬೇಕಾದುದು ಆ ಮಹಡಿಯ ಕವಾಟವನ್ನೇ.

ಆದರೆ ಮುಚ್ಚುವ ಮುನ್ನ ಒಂದು ನಿಯಮ ಉಂಟು. ಬೆಂಕಿಯಿಲ್ಲವೆಂಬುದು ಕಣ್ಣಾರೆ ಖಚಿತವಾಗಿರಬೇಕು. ಬೆಂಕಿಯ ಶಂಕೆಯಿದ್ದರೂ ಕವಾಟವನ್ನು ಮುಟ್ಟದೆ ಎಲ್ಲರನ್ನೂ ಹೊರಗೆ ಕಳುಹಿಸಿ 101 ಅಥವಾ 112ಕ್ಕೆ ಕರೆಮಾಡಬೇಕು. ಆರಿತೆಂದು ತೋರಿದ ಬೆಂಕಿ ಹಾಸಿಗೆಯೊಳಗೆ ಹೊಗೆಯಾಡುತ್ತಿರಬಹುದು. ಮುಚ್ಚುವ ತೀರ್ಮಾನ ಅಗ್ನಿಶಾಮಕ ದಳದವರದು.

ಬೆಂಕಿಯಿಲ್ಲವೆಂದಾದರೆ ಮಾಡಬೇಕಾದುದು ಇಷ್ಟು. ಒಬ್ಬರು ಕವಾಟಕ್ಕೆ ಧಾವಿಸಲಿ. ಇನ್ನೊಬ್ಬರು, ನೀರಿನಲ್ಲಿ ನಿಲ್ಲದೆ ತಲಪಲು ಸಾಧ್ಯವಾದರೆ ಮಾತ್ರ, ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಲಿ. ಹೊಸ್ತಿಲಿಗೆ ಹಳೆಯ ಬಟ್ಟೆಗಳ ಒಡ್ಡು ಕಟ್ಟಿ, ನೀರನ್ನು ಬಚ್ಚಲಿನ ಕಡೆಗೆ ತಳ್ಳಬೇಕು. ಲಿಫ್ಟನ್ನು ನಿಲ್ಲಿಸಿಸಬೇಕು, ಕೆಳಗಿನ ಮನೆಯವರ ಬಾಗಿಲನ್ನು ಆಗಲೇ ತಟ್ಟಿ ತಿಳಿಸಬೇಕು. ಅವರ ಛಾವಣಿ ತೊಟ್ಟಿಕ್ಕಿದ ಮೇಲೆ ಆಡುವ ನೂರು ಮಾತಿಗಿಂತ ಮೊದಲೇ ಹೇಳಿದ ಒಂದು ಮಾತು ಮೇಲು. ನೀರು ಇಳಿದ ಮೇಲೆ ಒಣಗಿಸುವ ಕೆಲಸ. ಮಳೆಗಾಲದ ನಮ್ಮ ತೇವದ ಗಾಳಿಯಲ್ಲಿ ಒಂದೆರಡು ದಿನಗಳೊಳಗೆ ಬೂಷ್ಟು ಹಿಡಿಯತೊಡಗುವುದರಿಂದ, ಹಾಸಿಗೆ ಪುಸ್ತಕಗಳನ್ನು ಕೂಡಲೇ ಬಿಡಿಸಿ ಫ್ಯಾನಿನ ಗಾಳಿಗೆ ಹರಡಬೇಕು. ತೊಯ್ದ ವಿದ್ಯುತ್ ತಂತಿಗಳನ್ನು ಬಲ್ಲವರು ಪರೀಕ್ಷಿಸುವವರೆಗೆ ಸ್ವಿಚ್ಚು ಹಾಕಬಾರದು.

ಕೊನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯ: ಒಡೆದ ಮೂತಿಯ ಜಾಗಕ್ಕೆ ಅದೇ ಉಷ್ಣತೆಯ ಹೊಸ ಮೂತಿಯನ್ನು ಕೂಡಿಸಿ ಕವಾಟವನ್ನು ಮತ್ತೆ ತೆರೆಯುವುದು. ತೆರೆಯುವಾಗ ನಿಧಾನ ಬೇಕು. ಉಕ್ಕಿನ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿಯುವ ನೀರು ತಟ್ಟನೆ ತಡೆಗೊಂಡರೆ ಒತ್ತಡವು 12 ಬಾರಿನಷ್ಟು ಏರಬಲ್ಲದು. 'ನೀರಿನ ಸುತ್ತಿಗೆ' ಎಂದು ಹೆಸರಾದ ಈ ಪೆಟ್ಟಿಗೆ ಗಟ್ಟಿಯಾದ ಸಂದುಗಳೂ ಬಿರಿಯುತ್ತವೆ.

ಮುಚ್ಚಿದ ಕವಾಟ

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಸ್ಥೆಯವರು, ಬೆಂಕಿ ಬಿದ್ದಾಗ ಸ್ಪ್ರಿಂಕ್ಲರುಗಳು ಕೆಲಸಮಾಡದೆಹೋದ ಪ್ರಸಂಗಗಳನ್ನು ಕಲೆಹಾಕಿ ಪರಿಶೀಲಿಸಿದ್ದಾರೆ. ಅವರಿಗೆ ಕಂಡುಬಂದ ಅತಿ ಸಾಮಾನ್ಯ ಕಾರಣ ಬುರುಡೆಯ ದೋಷವಲ್ಲ, ಪಂಪಿನ ದೋಷವೂ ಅಲ್ಲ. ಬೆಂಕಿಗೆ ಮುಂಚೆಯೇ ಯಾರೋ ಕವಾಟವನ್ನು ಮುಚ್ಚಿದ್ದುದು. ರಿಪೇರಿಗೆಂದೋ ಸೋರಿಕೆಯ ಭಯದಿಂದಲೋ ಮುಚ್ಚಿದುದನ್ನು ಮತ್ತೆ ತೆರೆಯಲು ಮರೆತರೆ ಛಾವಣಿಯ ಮೂತಿಗಳು ಗೋಡೆಯ ಅಲಂಕಾರಕ್ಕೆ ಸಮಾನ.

ಸ್ಪ್ರಿಂಕ್ಲರು ಸರ್ವರಕ್ಷಕವೆಂದು ಇದರ ಅರ್ಥವಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ತಂತಿಗಳ ಮಾರ್ಗದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿತು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ತೆರವಾದ ಮೆಟ್ಟಿಲು, ಹೊಗೆಗೆ ತಡೆಯಾದ ಬಾಗಿಲು, ಭದ್ರವಾದ ವಿದ್ಯುತ್ ವ್ಯವಸ್ಥೆ ಇವೆಲ್ಲವೂ ಬೇಕು. ಆದರೆ ಮಲಗಿದ ಮನೆಯಲ್ಲಿ ನಡುರಾತ್ರಿ ಯಾರೂ ಎಚ್ಚರವಿಲ್ಲದಾಗ ಬೆಂಕಿಯ ಮೇಲೆ ಮೊದಲ ಬಕೇಟು ನೀರನ್ನು ಸುರಿಯಬಲ್ಲುದು ಛಾವಣಿಯ ಈ ಕಾವಲುಗಾರನೊಬ್ಬನೇ.

ಇಂತಹ ಸಮುಚ್ಚಯಗಳಲ್ಲಿ ವಾಸಿಸುವ ವಿದ್ಯಾರ್ಥಿಗಳು ಈ ಲೇಖನವನ್ನು ಓದಿದ ಮೇಲೆ ಮಾಡಬಹುದಾದ ಒಂದು ಪ್ರಯೋಗವಿದೆ. ನಿಮ್ಮ ಮನೆಯ ಬುರುಡೆಗಳ ಬಣ್ಣವನ್ನು ಕೆಳಗಿನಿಂದಲೇ ನೋಡಿ ಗುರುತಿಸಿರಿ. ಅನಂತರ ಕಟ್ಟಡದ ಮೇಲ್ವಿಚಾರಕರನ್ನು ಕರೆದುಕೊಂಡು ಹೋಗಿ ನಿಮ್ಮ ಮಹಡಿಯ ಕವಾಟವನ್ನು ನೋಡಿರಿ. ಅದು ತೆರೆದಿದೆಯೇ, ಅದರ ಬೀಗದ ಕೈ ಯಾರ ಬಳಿಯಿದೆ ಎಂದು ಕೇಳಿ, ಮನೆಯ ಹಿರಿಯರಿಗೂ ಪಕ್ಕದ ಮನೆಯವರಿಗೂ ತಿಳಿಸಿರಿ. ಹತ್ತು ನಿಮಿಷಗಳ ಈ ಕೆಲಸಕ್ಕೆ ಉಪಕರಣ ಬೇಡ, ಖರ್ಚಿಲ್ಲ. ಎಂಬತ್ತು ಬಕೇಟು ನೀರನ್ನು ಎಂಟಕ್ಕೆ ಇಳಿಸುವ ವಿದ್ಯೆ ಇದೇ. ಬೆಂಕಿಯ ದಿನ ಆ ಎಂಟು ಬಕೇಟು ತಪ್ಪದೆ ಒದಗುವಂತೆ ಮಾಡುವುದೂ ಇದೇ.